ಇನ್ನೂರ ನಲವತ್ತನೆಯ ದಿನದ ಸನ್ನಿಧಾನಕ್ಕೆ

ಮಹಾಮಹಿಮರಾದ ಇನ್ನೂರ ನಲವತ್ತನೆಯ ದಿನದವರ ಸನ್ನಿಧಾನಕ್ಕೆ ಹಂಗಾಮಿ ನೌಕರರ ಹಿತಚಿಂತಕನೊಬ್ಬನು ಮಾಡುವ ಅನೇಕ ನಮಸ್ಕಾರಗಳು.

ತಾವು ಯಾರೆಂಬುದನ್ನು ಕಾರ್ಖಾನೆಯ ಗೇಟಿನ ಕಾವಲುಗಾರನಿಂದ ಹಿಡಿದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳವರೆಗೆ ಎಲ್ಲರೂ ಬಲ್ಲರಾದರೂ, ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ತಮ್ಮ ದರ್ಶನಭಾಗ್ಯವನ್ನು ಪಡೆದವರು ವಿರಳ. ಹನ್ನೆರಡು ತಿಂಗಳೊಳಗೆ 240 ದಿನ ದುಡಿದವನನ್ನು ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದವನೆಂದೇ ಪರಿಗಣಿಸತಕ್ಕದ್ದೆಂದೂ, ಅಂಥವನನ್ನು ಹೆಚ್ಚುವರಿಯೆಂದು ತೆಗೆದುಹಾಕುವುದಾದರೆ ಒಂದು ತಿಂಗಳ ನೋಟೀಸನ್ನೋ ಅದಕ್ಕೆ ಬದಲಾಗಿ ಸಂಬಳವನ್ನೋ ಕೊಟ್ಟು, ಅದರ ಮೇಲೆ ಸೇವೆಯ ವರ್ಷವೊಂದಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಸಲ್ಲಿಸತಕ್ಕದ್ದೆಂದೂ 1947ರ ಕೈಗಾರಿಕಾ ವಿವಾದಗಳ ಕಾಯಿದೆಯು, ತಿದ್ದುಪಡಿಗಳನ್ನು ಹೊಂದುತ್ತ ಹೊಂದುತ್ತ, ಕಟ್ಟಳೆ ಮಾಡಿತು. ನೆಲದಡಿಯ ಗಣಿಗೆ ಇಳಿಯುವವನಿಗೆ 190 ದಿನಗಳೇ ಸಾಕೆಂಬ ಔದಾರ್ಯವನ್ನೂ ತೋರಿತು. ಆ ಕಾಯಿದೆಯು ಈಗ ಕೀರ್ತಿಶೇಷವಾಗಿ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಿಂದ ಅದರ ಪೀಠವನ್ನೇರಿದೆಯಾದರೂ, ತಾವು ಮಾತ್ರ ಒಂದಂಕಿಯೂ ಕದಲದೆ ಹಳೆಯ ಮನೆಯಿಂದ ಹೊಸ ಮನೆಗೆ ದಯಮಾಡಿಸಿದ್ದೀರಿ.

ಇಷ್ಟೊಂದು ಭಯಭಕ್ತಿಗಳಿಗೆ ಪಾತ್ರರಾದ ತಾವು ಬಂದೇಬಿಟ್ಟರೆ ಮಾಲೀಕರಿಗೆ ಒದಗುವ ವಿಪತ್ತಾದರೂ ಎಂಥದೆಂದು ನೋಡಿದರೆ, ಮೊದಲ ವರ್ಷದ ನೌಕರನ ಮಟ್ಟಿಗೆ ಅದು ಒಂದೂವರೆ ತಿಂಗಳ ಸಂಬಳ. ಅದನ್ನು ಕೊಡದೆ ಕಳುಹಿಸಿದರೆ ನ್ಯಾಯಾಲಯವು ಹಿಂಬಾಕಿಸಹಿತವಾಗಿ ಅವನನ್ನು ಪುನಃ ಒಳಗೆ ಕೂರಿಸೀತೆಂಬ ಶಂಕೆಯೂ ಉಂಟು, ನಿಜ. ಆದರೂ ಈ ಅಲ್ಪಮೊತ್ತವನ್ನು ಉಳಿಸುವುದಕ್ಕಾಗಿ ವ್ಯಯವಾಗುತ್ತಿರುವ ಬುದ್ಧಿಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಸರಕಿನ ತಯಾರಿಕೆಗೆ ವಿನಿಯೋಗವಾಗಿದ್ದರೆ ನಮ್ಮ ಯಂತ್ರಗಳು ಜರ್ಮನಿಯ ಯಂತ್ರಗಳನ್ನು ನಾಚಿಸುತ್ತಿದ್ದವು.

ನಾನು ಬಲ್ಲ ಒಂದು ಕಾರ್ಖಾನೆಯ (ಹೆಸರು ಬೇಡ, ಹೇಳಿದರೆ ಮಿಕ್ಕವರು ತಮ್ಮನ್ನು ಕೈಬಿಟ್ಟೆನೆಂದು ಮುನಿದಾರು) ಸಿಬ್ಬಂದಿ ಶಾಖೆಯ ಗುಮಾಸ್ತರು ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿ ರಾಹುಕಾಲಗಳ ನಡುವೆ, ತಮ್ಮ ಆಗಮನವನ್ನು ಕೆಂಪು ಪೆನ್ಸಿಲಿನಿಂದ ಗುರುತಿಸಿಡುತ್ತಿದ್ದರು. ಭಾನುವಾರಗಳನ್ನೂ ಸಂಬಳಸಹಿತ ರಜೆಗಳನ್ನೂ ಸೇರಿಸಿಯೇ ಎಣಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಹೇಳಿದ ಲಾಗಾಯ್ತು ಈ ಗಣಿತವು ಇನ್ನಷ್ಟು ಸೂಕ್ಷ್ಮವಾಗಿದೆ. ಏಪ್ರಿಲ್ 1ರಂದು ಸೇರಿ ಒಂದು ದಿನವೂ ತಪ್ಪಿಸದವನಿಗೆ, ಆ ರೀತಿಯಲ್ಲಿ ಎಣಿಸಿದರೆ, ತಾವು ದರ್ಶನವೀಯುವುದು ನವೆಂಬರ್ 26ರಂದು; ಎಂದರೆ 1949ರಲ್ಲಿ ನಮ್ಮ ಸಂವಿಧಾನವು ಅಂಗೀಕೃತವಾದ ತಾರೀಖಿನಂದೇ. ಅಂದು ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತು ಸಂವಿಧಾನದ ಪೀಠಿಕೆಯನ್ನು ಗಟ್ಟಿಯಾಗಿ ಓದಿದಾಗ ಸಾಲಿನಲ್ಲಿ ಒಬ್ಬನು ಕಡಿಮೆಯಿದ್ದನು. ಹಿಂದಿನ ಸಾಯಂಕಾಲವೇ ಅವನ ಕೈಗೆ, ಸೇವೆಯ ಅಗತ್ಯವಿಲ್ಲವೆಂಬ ಚೀಟಿ ಬಂದಿತ್ತು. ಮರುವಾರ ಅವನೇ ಅದೇ ಲೇತಿನ ಮುಂದೆ ನಿಂತಿದ್ದನು; ಹಾಜರಿ ಪುಸ್ತಕದಲ್ಲಿ ಮಾತ್ರ ಅವನ ತಮ್ಮನ ಹೆಸರು. ಮೇಸ್ತ್ರಿಯು ಆ ಹೆಸರು ಹಿಡಿದು ಕೂಗಿದಾಗ ತಿರುಗಿ ನೋಡುವುದಕ್ಕೆ ಪಾಪ, ಅವನಿಗೆ ಕೆಲವು ದಿನಗಳ ಅಭ್ಯಾಸ ಬೇಕಾಯಿತು. ಪುನರ್ಜನ್ಮಕ್ಕೆ ಮರಣವು ಅವಶ್ಯಕವೆಂದು ನಮ್ಮ ಶಾಸ್ತ್ರಕಾರರು ನಂಬಿದ್ದರು. ಮಸ್ಟರ್ ರೋಲಿನಲ್ಲಿ ಒಂದು ಹೊಸ ಸಾಲು ಸಾಕೆಂಬುದನ್ನು ಕಂಡುಹಿಡಿದ ಕೀರ್ತಿ ಸಿಬ್ಬಂದಿ ಶಾಖೆಗೇ ಸಲ್ಲತಕ್ಕದ್ದು.

  

ಶಾಸನಕರ್ತರು ಈ ವಿದ್ಯಮಾನವನ್ನು ಅರಿಯದವರೆಂದು ತಾವು ಭಾವಿಸಬಾರದು. ಬದಲಿ, ಹಂಗಾಮಿ, ತಾತ್ಕಾಲಿಕ ಎಂಬ ಹಣೆಪಟ್ಟಿಯಡಿ ಕೆಲಸಗಾರರನ್ನು ವರ್ಷಗಟ್ಟಲೆ ಇಟ್ಟುಕೊಂಡು ಖಾಯಂ ನೌಕರರ ಸವಲತ್ತುಗಳನ್ನು ತಪ್ಪಿಸುವುದು ಅನುಚಿತವೆಂದು ಕಾಯಿದೆಯ ಐದನೆಯ ಅನುಸೂಚಿಯು ಸಾರಲಾರಂಭಿಸಿದ್ದು 1984ರ ಆಗಸ್ಟ್ ತಿಂಗಳಿನಲ್ಲಿ. ಕರಾರಿನ ಅವಧಿ ತೀರಿತೆಂದು ಹೊರಗೆ ಹೋದವನನ್ನು ಯಾರೂ ತೆಗೆದುಹಾಕಿದಂತಾಗುವುದಿಲ್ಲವೆಂಬ ಹೊಸ ಉಪಖಂಡವು ಜಾರಿಗೆ ಬಂದದ್ದೂ ಅದೇ ಆಗಸ್ಟ್ ತಿಂಗಳಿನಲ್ಲಿ. ಮಗುವನ್ನು ಚಿವುಟಿ ತೊಟ್ಟಿಲನ್ನು ತೂಗುವ ಕಾರ್ಯವು ಇಷ್ಟು ಕಾಲಬದ್ಧವಾಗಿ ನಡೆದುದು ಅಪರೂಪ.

ನನ್ನ ವಿಜ್ಞಾಪನೆಯಿಷ್ಟೆ. ಹಕ್ಕು ಹುಟ್ಟುವ ತಾರೀಖು ಮೊದಲೇ ಗೊತ್ತಿದ್ದು, ಆ ತಾರೀಖನ್ನು ಎಣಿಸುವ ಪುಸ್ತಕವು ಮಾಲೀಕನ ಬೀರುವಿನಲ್ಲಿಯೇ ಇರುವಾಗ, ಅದು ಬಾರದಂತೆ ನೋಡಿಕೊಳ್ಳುವುದು ಅವನಿಗೆ ಸಹಜವೇ ಆಗಿದೆ. ಆದಕಾರಣ ತಾವು ಒಂದೇ ದಿನ ಛತ್ರಚಾಮರಗಳೊಡನೆ ಬಿಜಯಮಾಡಿಸುವ ಸಂಪ್ರದಾಯವನ್ನು ಬಿಟ್ಟು, ಕೆಲಸಕ್ಕೆ ಸೇರಿದಂದಿನಿಂದಲೇ ಅಂಶಾಂಶವಾಗಿ ಬರಬಾರದೇಕೆ? ವರ್ಷಕ್ಕೆ 15 ದಿನಗಳ ವೇತನವೆಂದರೆ ತಿಂಗಳಿಗೆ ಒಂದೂಕಾಲು ದಿನದ್ದು. ತಿಂಗಳು ತಿಂಗಳೂ ಅಷ್ಟಷ್ಟು ಅವನ ಲೆಕ್ಕಕ್ಕೆ ಜಮೆಯಾಗುತ್ತ ಹೋದರೆ 239ನೆಯ ದಿನಕ್ಕೆ ವಿಶೇಷ ಮಹಿಮೆಯೇನೂ ಉಳಿಯದು, ಅಣ್ಣಂದಿರು ತಮ್ಮಂದಿರಾಗಬೇಕಾದ ಪ್ರಮೇಯವೂ ಬಾರದು.

ಇದು ಸಾಧ್ಯವಿಲ್ಲ, ಬಂದರೆ ಪೂರ್ಣವಾಗಿಯೇ ಬರತಕ್ಕವರು ನಾವು ಎನ್ನುವುದಾದರೆ, ಹಾಗೆಯೇ ಆಗಲಿ. ಆದರೆ ಬರುವಾಗ ಹಾಜರಿ ಪುಸ್ತಕದ ದೃಢೀಕೃತ ನಕಲೊಂದನ್ನು ಜೊತೆಯಲ್ಲಿ ತರುವುದನ್ನು ಮರೆಯಬಾರದು. 240 ದಿನ ದುಡಿದೆನೆಂಬುದನ್ನು ರುಜುವಾತುಪಡಿಸುವ ಭಾರ ಕೆಲಸಗಾರನದೇ, ಅವನ ಪ್ರಮಾಣಪತ್ರವೊಂದೇ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು ನಮ್ಮ ಕರ್ನಾಟಕದ ಅರಣ್ಯ ಇಲಾಖೆಯ ಪ್ರಕರಣವೊಂದರಲ್ಲಿ 2002ರಲ್ಲಿ ತೀರ್ಮಾನಿಸಿದೆ. ಪುಸ್ತಕವನ್ನು ಹಾಜರುಪಡಿಸೆಂದು ಮಾಲೀಕನನ್ನು ಕೇಳಲು ಅವಕಾಶವೇನೋ ಉಂಟು. ಆದರೆ ನಾನು ಮೇಲೆ ಹೇಳಿದ ಮನುಷ್ಯನ ವಿಷಯದಲ್ಲಿ ಆ ಪುಸ್ತಕವು ಹಾಜರಾದರೂ ಸಾಕ್ಷಿ ನುಡಿಯುವುದು ಅವನ ತಮ್ಮನ ಪರವಾಗಿ.

ಇತಿ ತಮ್ಮ ದರ್ಶನಾಕಾಂಕ್ಷಿ,
ಹಂಗಾಮಿ ನೌಕರರ ಹಿತಚಿಂತಕ