ಎಲ್ಲೂ ಸಲ್ಲದ ಪತ್ತೇದಾರರು

ಗ್ರಾಫಿಕ್ ಕಾದಂಬರಿಗಳ ಬಾಲ ಪತ್ತೇದಾರನನ್ನು ಗುರುತಿಸುವುದಕ್ಕೆ ಪತ್ತೇದಾರಿಕೆಯೇನೂ ಬೇಕಿಲ್ಲ. ವಯಸ್ಸು 12ರಿಂದ 16. ಮೈಗಿಂತ ಎರಡು ಅಳತೆ ದೊಡ್ಡದಾದ ಜಾಕೆಟ್ಟು. ಶಾಲೆಯಲ್ಲಿ ಊಟಕ್ಕೆ ಕೂತರೆ ಅಕ್ಕಪಕ್ಕದ ಜಾಗ ಖಾಲಿ. ಆಟಕ್ಕೆ ಸೇರಿಸಿಕೊಳ್ಳುವವರಿಲ್ಲ, ಹುಟ್ಟುಹಬ್ಬಕ್ಕೆ ಕರೆಯುವವರಿಲ್ಲ. ಆದರೆ ಆಕಾಶ ಬಿರಿದರೆ, ಬಾವಿಯೊಳಗಿಂದ ದೆವ್ವ ಎದ್ದರೆ, ಲೋಕವೇ ಮುಳುಗಿಹೋದರೆ ಮೊದಲು ಸ್ಥಳಕ್ಕೆ ಹಾಜರಾಗುವುದು ಈ ಪ್ರಾಣಿಯೇ. ಅಸಾಧ್ಯ ಬುದ್ಧಿವಂತನಾದ್ದರಿಂದ ಹೀಗಾಗುತ್ತದೆ ಎನ್ನುವುದು ಅಭಿಮಾನಿಗಳ ವಾದ. ನನಗೆ ಹಾಗನ್ನಿಸುವುದಿಲ್ಲ. ಅವನಿಗೆ ಬೇರೆ ಕೆಲಸವಿಲ್ಲ, ಅವನ ಮೇಲೆ ದೊಡ್ಡವರ ಕಣ್ಣಿಲ್ಲ. ರಹಸ್ಯ ಭೇದಿಸಲು ಇವೆರಡು ಅರ್ಹತೆ ಧಾರಾಳ.

ಬ್ರಯಾನ್ ಕೆ. ವಾನ್ ಬರೆದು ಕ್ಲಿಫ್ ಚಿಯಾಂಗ್ ಚಿತ್ರಿಸಿದ ‘ಪೇಪರ್ ಗರ್ಲ್ಸ್’ (2015–19) ನೋಡಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಹತ್ತಿರದ ಬಡಾವಣೆ, 1988ರ ನವೆಂಬರ್ 1, ಹ್ಯಾಲೋವೀನ್ ಮುಗಿದ ಬೆಳಗಿನ ಜಾವ. ಊರೆಲ್ಲ ಗೊರಕೆ ಹೊಡೆಯುವಾಗ ಸೈಕಲ್ಲೇರಿ ಬೀದಿಯಲ್ಲಿರುವವರು ಮನೆಮನೆಗೆ ಪೇಪರ್ ಹಾಕುವ ನಾಲ್ವರು ಹುಡುಗಿಯರು. ಬೇರೆ ಕಾಲದವರು ಬಂದಿಳಿದರೆ ಇವರ ಕಣ್ಣಿಗಲ್ಲದೆ ಇನ್ನಾರ ಕಣ್ಣಿಗೆ ಬೀಳಬೇಕು? ‘ಲಾಕ್ ಅಂಡ್ ಕೀ’ಯಲ್ಲಿ ಜೋ ಹಿಲ್ ಇದನ್ನು ಕಾನೂನೇ ಮಾಡಿಬಿಟ್ಟಿದ್ದಾನೆ: ಕತೆ ನಡೆಯುವ ಮನೆಯ ಮಾಯದ ಬೀಗದಕೈಗಳ ಸಂಗತಿ ದೊಡ್ಡವರ ತಲೆಯಲ್ಲಿ ನಿಲ್ಲುವುದೇ ಇಲ್ಲ. ಮಕ್ಕಳು ಒಂದು ಬೀಗದಕೈ ತಿರುಗಿಸಿ ತಮ್ಮ ತಲೆಬುರುಡೆಯನ್ನೇ ಡಬ್ಬಿಯ ಮುಚ್ಚಳದಂತೆ ತೆಗೆದು ಒಳಗೆ ಪುಸ್ತಕ ತುರುಕಿದರೂ ತಾಯಿಗೆ ಪರಿವೆಯಿಲ್ಲ. (ಪರೀಕ್ಷೆಯ ಹಿಂದಿನ ರಾತ್ರಿ ಇಂಥದೊಂದು ಬೀಗದಕೈ ಯಾರಿಗೆ ಬೇಡ!) ಜೆಫ್ ಲೆಮಿರ್‌ನ ‘ಸ್ವೀಟ್ ಟೂತ್’ನಲ್ಲಂತೂ ದೊಡ್ಡವರನ್ನು ಮಹಾಮಾರಿಯೇ ತೆರವು ಮಾಡುತ್ತದೆ, ಉಳಿಯುವವನು ಜಿಂಕೆಯ ಕೊಂಬು ಹೊತ್ತ, ಚಾಕೊಲೇಟು ಕಂಡರೆ ಬಾಯಿಬಿಡುವ ಗಸ್. ಎಲ್ಲೂ ಸಲ್ಲದವನೆಂದರೆ ಅವನೇ: ಕೊಂಬನ್ನು ಯಾವ ಟೋಪಿಯೊಳಗೆ ಬಚ್ಚಿಡುವುದು?

ಇದೆಲ್ಲ ಓದುಗನ ಬೆನ್ನು ತಟ್ಟುವ ಉಪಾಯ ಎಂಬ ಆಕ್ಷೇಪ ಸುಳ್ಳಲ್ಲ. ‘ಪೇಪರ್ ಗರ್ಲ್ಸ್’ನ ಎರಿನ್‌ಳಂತೆ ಮೊದಲ ಸಂಚಿಕೆ ಮುಗಿಯುವಷ್ಟರಲ್ಲಿ ಪ್ರಾಣಕ್ಕೆ ಪ್ರಾಣ ಕೊಡುವ ಮೂವರು ಗೆಳತಿಯರನ್ನು ಗಿಟ್ಟಿಸಿಕೊಂಡವಳು ಎಂಥ ಒಂಟಿ? ನಿಜವಾದ ಒಂಟಿಗಳು ಅಷ್ಟು ಹೊತ್ತಿಗೆ ಹಲೋ ಹೇಳುವ ಧೈರ್ಯವನ್ನೂ ಮಾಡಿರುವುದಿಲ್ಲ. ಆದರೆ ಒಳ್ಳೆಯ ಪುಸ್ತಕಗಳು ತಟ್ಟಿದ ಬೆನ್ನಿಗೇ ಒಂದು ಗುದ್ದನ್ನೂ ಕೊಡುತ್ತವೆ. ವೆರಾ ಬ್ರೊಸ್ಗೋಲ್‌ಳ ‘ಆನ್ಯಾಸ್ ಘೋಸ್ಟ್’ (2011) ನಾಯಕಿ ರಷ್ಯಾದಿಂದ ವಲಸೆ ಬಂದವಳು. ಅಮೆರಿಕದ ಹುಡುಗಿಯರಂತೆ ಕಾಣಬೇಕೆಂದು ಮಾತಿನ ಧಾಟಿಯನ್ನೇ ತಿದ್ದಿಕೊಂಡವಳು. ಹಳೆಯ ಬಾವಿಗೆ ಬಿದ್ದಾಗ ಎಮಿಲಿ ಎಂಬ ದೆವ್ವದ ಪರಿಚಯವಾಗುತ್ತದೆ. ಆನ್ಯಾ ಅದನ್ನು ಮೊದಲು ಹಚ್ಚುವ ಕೆಲಸ ಯಾವುದು ಗೊತ್ತೆ? ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ನೋಡಿಕೊಂಡು ಬರುವುದು! ಕೊಲೆಯಾದ ಬಡಪಾಯಿ ಎಂದುಕೊಂಡಿದ್ದ ದೆವ್ವದ ಜಾತಕ ಬಯಲಾಗುವುದು ಗ್ರಂಥಾಲಯದ ಹಳೇ ಪತ್ರಿಕೆಯಲ್ಲಿ: ಕೊಂದವಳು ಎಮಿಲಿಯೇ. ಹಾಗಾದರೆ ಇಲ್ಲಿ ಬುದ್ಧಿ ಕೆಲಸ ಮಾಡಿತಲ್ಲ ಎಂದರೆ, ಮಾಡಿತು, ಒಪ್ಪಿದೆ. ಆದರೆ ನಾಲ್ಕು ಜನರೊಳಗೆ ಸೇರಿಕೊಳ್ಳುವ ಆಸೆಗೆ ಬಿದ್ದಷ್ಟು ದಿನ ಆ ಬುದ್ಧಿ ಮುಷ್ಕರ ಹೂಡಿತ್ತು.

‘ಪೇಪರ್ ಗರ್ಲ್ಸ್’ನ ಗುದ್ದು ಇನ್ನೂ ಬಲವಾದದ್ದು. ಪೇಪರ್ ಹಾಕುವ ನಾಲ್ವರಲ್ಲಿ ಒಬ್ಬಳಾದ 12 ವರ್ಷದ ಎರಿನ್ 2016ಕ್ಕೆ ಹಾರಿ ಬಿದ್ದು 40 ವರ್ಷದ ತನಗೇ ಎದುರಾಗುತ್ತಾಳೆ. ಡೈನೋಸಾರಿನಂಥ ಹಕ್ಕಿಗಳ ಮೇಲೇರಿ ಬಂದವರನ್ನು ಕಂಡೂ ಚೇತರಿಸಿಕೊಂಡ ಹುಡುಗಿ, ಈ ಹೆಂಗಸು ಇನ್ನೂ ಅದೇ ಊರಿನಲ್ಲೇ ಇದ್ದಾಳೆಂಬುದನ್ನು ಮಾತ್ರ ಸುಲಭವಾಗಿ ಕ್ಷಮಿಸಲಾರಳು.