ಹೆಗ್ಗಣಮುದ್ದು ಮೀಮಾಂಸೆ

ಭರತಮುನಿ ನಾಟ್ಯಶಾಸ್ತ್ರದಲ್ಲಿ ರಸಗಳು ಎಂಟು ಎಂದು ಹೇಳಿ ಕೈತೊಳೆದುಕೊಂಡ. ಶೃಂಗಾರಕ್ಕೆ ಜಾಗ ಸಿಕ್ಕಿತು, ವೀರಕ್ಕೆ ಸಿಕ್ಕಿತು, ಬೀಭತ್ಸಕ್ಕೂ ಸಿಕ್ಕಿತು. ಆದರೆ ಮಗಳು ಮೊದಲ ಸಲ ಬೀಳದೆ ಸೈಕಲ್ ತುಳಿದು ಬೀದಿಯ ಕೊನೆ ಮುಟ್ಟಿದಾಗ ಗೇಟಿನ ಬಳಿ ನಿಂತ ಅಪ್ಪನಿಗೆ ಆಗುವುದೇನು ಎಂಬ ವಿಷಯದಲ್ಲಿ ಮುನಿ ನಿಜಕ್ಕೂ ಮೌನಿ. ಆಮೇಲೆ ಬಂದವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ವಾತ್ಸಲ್ಯದ ಹೆಸರು ಅಲ್ಲಲ್ಲಿ ಕೇಳಿಬಂದರೂ, ಲಕ್ಷಣಸಮೇತ ಹತ್ತನೆಯ ಮಣೆ ಹಾಕಿಸಿಕೊಳ್ಳಲು ಅದು ಸಾಹಿತ್ಯದರ್ಪಣದ ವಿಶ್ವನಾಥನವರೆಗೆ, ಅಂದರೆ 14ನೆಯ ಶತಮಾನದವರೆಗೆ, ಹೊಸ್ತಿಲಾಚೆ ಕಾಯಬೇಕಾಯಿತು. ಇಷ್ಟು ತಡವಾದುದಕ್ಕೆ ವಿದ್ವಾಂಸರು ಗಹನವಾದ ಕಾರಣಗಳನ್ನು ಕೊಡಬಹುದು. ನಮ್ಮ ಊಹೆ ಸರಳವಾದದ್ದು: ಶಾಸ್ತ್ರ ಬರೆದವರು ಗಂಡಸರು, ಮಕ್ಕಳನ್ನು ಎತ್ತಿಕೊಂಡಿದ್ದವರಿಗೆ ಬರೆಯಲು ಕೈ ಬಿಡುವಿರಲಿಲ್ಲ.

ಪ್ರಸ್ತುತ ಪ್ರಬಂಧದ ವಿಷಯ ಬರಿಯ ವಾತ್ಸಲ್ಯವಲ್ಲ. ವಾತ್ಸಲ್ಯ ತೊಟ್ಟಿಲ ಬಳಿ, ಬಾಗಿಲು ಮುಂದೆಳೆದುಕೊಂಡು ಸುಖವಾಗಿರಬಲ್ಲದು. ಅದೇ ವಾತ್ಸಲ್ಯ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಾಗ ಹೆಮ್ಮೆಯಾಗುತ್ತದೆ. ಆ ಹೆಮ್ಮೆಯ ಸ್ವರೂಪವೇನು, ಅದು ಬಾಯಿಗೆ ಬರುವ ಬಗೆ ಹೇಗೆ ಎಂಬುದಷ್ಟೇ ನಮ್ಮ ಜಿಜ್ಞಾಸೆ. ಮೂಲಪ್ರಮಾಣ ಒಂದೇ: ಹೆತ್ತವರಿಗೆ ಹೆಗ್ಗಣ ಮುದ್ದು. ಲೋಕ ಇದನ್ನು ಗೇಲಿಗೆ ಬಳಸುತ್ತದೆ. ನಾವು ಇದನ್ನು ಸೂತ್ರವೆಂದು ಶಿರಸಾವಹಿಸಿದ್ದೇವೆ. ಗದ್ದೆಯ ಬದುವನ್ನೂ ಮನೆಯ ಪಾಯವನ್ನೂ ಒಂದೇ ಶ್ರದ್ಧೆಯಿಂದ ಕೊರೆಯುವ ಆ ಪ್ರಾಣಿ ತನ್ನ ತಾಯಿಗೆ ಮುದ್ದೆಂಬುದರಲ್ಲಿ ಯಾವ ಪಂಥದವರಿಗೂ ತಕರಾರಿಲ್ಲ. ಇತ್ಯರ್ಥವಾಗದೆ ಉಳಿದಿರುವ ಪ್ರಶ್ನೆ ಬೇರೆ. ಆ ತಾಯಿಹೆಗ್ಗಣ ಈ ಸಂಗತಿಯನ್ನು ಪಕ್ಕದ ಬಿಲದವಳಿಗೆ ಯಾವ ಮಾತಿನಲ್ಲಿ ತಿಳಿಸುತ್ತದೆ?

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. "ಇದರಲ್ಲಿ ಜಿಜ್ಞಾಸೆಗೆ ಏನಿದೆ? ವಾಟ್ಸ್ಆ್ಯಪ್ ಸ್ಟೇಟಸ್ ನೋಡಿ. ಸರ್ಕಲ್ಲಿನಲ್ಲಿ ಕಟ್ಟಿರುವ ಫ್ಲೆಕ್ಸ್ ನೋಡಿ. ಹೆಮ್ಮೆಪಡುವವರು ನೇರವಾಗಿಯೇ ಹೇಳುತ್ತಾರಲ್ಲ!" ಉತ್ತರ: ಅದು ಗರ್ವ. ಭರತ ಪಟ್ಟಿಮಾಡಿದ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ, ಅಂದರೆ ಬಂದುಹೋಗುವ ಭಾವಗಳಲ್ಲಿ, ಗರ್ವವೂ ಒಂದು, ಅದಕ್ಕೆ ಮರ್ಯಾದೆ ಇದೆ. ಆದರೆ ಫ್ಲೆಕ್ಸು ಕಟ್ಟಲು ಕಲೆ ಬೇಕಿಲ್ಲ, ಏಣಿ ಸಾಕು. ಕನ್ನಡದ ತಂದೆತಾಯಂದಿರು ತಲೆಮಾರುಗಳಿಂದ ಸಾಧಿಸಿರುವುದು ಅದೇ ಪಟ್ಟಿಯಲ್ಲಿರುವ ಇನ್ನೊಂದು ಭಾವವನ್ನು: ಅವಹಿತ್ಥ. ಒಳಗಿನ ಭಾವ ಮುಖದಲ್ಲಿ ಕಾಣದಂತೆ ಮುಚ್ಚಿಡುವ ವಿದ್ಯೆಗೆ ಶಾಸ್ತ್ರಕಾರರು ಕೊಟ್ಟ ಹೆಸರದು. ಅವರು ಉದಾಹರಣೆಗೆ ನಾಚಿಕೊಂಡ ನಾಯಿಕೆಯರನ್ನು ತಂದರು. ನಾವು ತರಕಾರಿ ಗಾಡಿಯ ಬಳಿಗೆ ಹೋಗೋಣ. ಸಂಸ್ಕೃತ ನಾಟಕದ ಸಣ್ಣ ಪಾತ್ರಗಳಂತೆ ಇಲ್ಲಿಯ ಪಾತ್ರಗಳಿಗೂ ಹೆಸರಿಟ್ಟಿಲ್ಲ.

ಪ್ರಥಮಾ: (ಹುರುಳಿಕಾಯಿ ಮುರಿದು ನೋಡುತ್ತ) ಏನ್ ಮಾಡೋದ್ರೀ, ನಮ್ಮ ಹುಡುಗಿಗೆ ಒಂದು ತಿಳಿಸಾರು ಮಾಡೋಕೂ ಬರಲ್ಲ. ಸೆಪ್ಟೆಂಬರಲ್ಲಿ ಜರ್ಮನಿಗೆ ಹೋಗಿ ಏನು ತಿಂತಾಳೋ ಅಂತ ನಂಗೆ ರಾತ್ರಿಯೆಲ್ಲ ನಿದ್ದೇನೇ ಇಲ್ಲ.

ದ್ವಿತೀಯಾ: ಅಯ್ಯೋ, ಅವಳಾದ್ರೂ ವಾಸಿ ಬಿಡಿ. ನಮ್ಮವನು ಊರಲ್ಲೇ ಇದ್ದೂ ಊಟಕ್ಕೆ ಸಿಗಲ್ಲ. ಆಫೀಸಲ್ಲಿ ಅದೇನೋ ಮ್ಯಾನೇಜರ್ ಮಾಡಿಬಿಟ್ರಂತೆ. ಬೇಡ ಅಂದ್ರೂ ಬಿಡಲಿಲ್ವಂತೆ. ಈಗ ದಿನಾ ರಾತ್ರಿ ಹನ್ನೊಂದಕ್ಕೆ ಆರಿದ ಅನ್ನ.

ಪ್ರಥಮಾ: ಸ್ಕಾಲರ್‌ಶಿಪ್ ಬೇರೆ ಕೊಟ್ಟುಬಿಟ್ಟಿದ್ದಾರೆ ಕಣ್ರೀ. ಅದಿಲ್ಲದೇ ಇದ್ದಿದ್ರೆ ಹೋಗಬೇಡ ಅಂತ ಹೇಳೋಕಾದ್ರೂ ಆಗ್ತಿತ್ತು.

ದ್ವಿತೀಯಾ: (ನುಗ್ಗೆಕಾಯಿ ಕೆಳಗಿಟ್ಟು) ಸಂಬಳ ಜಾಸ್ತಿ ಆದ್ರೆ ಟ್ಯಾಕ್ಸೂ ಜಾಸ್ತಿನೇ ಅಲ್ವಾ. ಏನು ಸುಖ ಹೇಳಿ.

ತರಕಾರಿಯವನು: (ತಕ್ಕಡಿ ಎತ್ತುತ್ತ) ನಮ್ ಹುಡ್ಗನೂ ಅಷ್ಟೇ ಅಕ್ಕಾ. ಡಿಪ್ಲೊಮಾಕ್ಕೆ ಸೀಟ್ ಸಿಕ್ಕಿದ್ದೇ ಸಿಕ್ಕಿದ್ದು, ಗಾಡಿ ತಳ್ಳೋಕೆ ಒಂದಿನ ಬಂದಿಲ್ಲ.

ಸಹೃದಯರು ಗಮನಿಸಬೇಕು. ಇಡೀ ಸಂವಾದದಲ್ಲಿ ಹೊಗಳಿಕೆಯ ಒಂದಕ್ಷರವೂ ಇಲ್ಲ. ಸಾರು, ನಿದ್ದೆ, ಆರಿದ ಅನ್ನ, ಟ್ಯಾಕ್ಸು, ಗಾಡಿ, ಎಲ್ಲವೂ ಅಹವಾಲು. ಆದರೂ ಮೂರು ಸುದ್ದಿಗಳು ತಲುಪಬೇಕಾದಲ್ಲಿಗೆ ತಲುಪಿದವು. ಸಂಜೆಯೊಳಗೆ ನಾಲ್ಕನೆಯ ಕ್ರಾಸಿಗೂ ತಲುಪುತ್ತವೆ. ಇದರಿಂದ ನಮ್ಮ ಸಿದ್ಧಾಂತ: ಹೆತ್ತವರ ಹೆಮ್ಮೆ ಅಹವಾಲಿನ ವೇಷದಲ್ಲಲ್ಲದೆ ಹೊರಗೆ ಬರುವುದಿಲ್ಲ; ಅಹವಾಲು ದೊಡ್ಡದಾದಷ್ಟೂ ಒಳಗಿನ ಹೆಮ್ಮೆ ದೊಡ್ಡದು. ವೇಷವೇಕೆ ಎಂದರೆ, ದೃಷ್ಟಿಯ ಭಯ. ಚೆನ್ನಾಗಿ ಮೀಯಿಸಿ ಪೌಡರು ಹಾಕಿದ ಕೂಸಿನ ಕೆನ್ನೆಗೆ ಅಜ್ಜಿ ಕಾಡಿಗೆಯ ಚುಕ್ಕೆ ಇಡುತ್ತಾಳೆ. ಕೂಸು ಬೆಳೆದು ಮ್ಯಾನೇಜರಾದ ಮೇಲೆ ಕೆನ್ನೆ ಕೈಗೆ ಸಿಗುವುದಿಲ್ಲ, ಆದ್ದರಿಂದ ಚುಕ್ಕೆಯನ್ನು ಮಾತಿಗೆ ಇಡಬೇಕಾಗುತ್ತದೆ. "ಸಾರು ಮಾಡೋಕೂ ಬರಲ್ಲ" ಎಂಬುದು ಜರ್ಮನಿಯ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟು.

ಈ ವಿದ್ಯೆ ನಮ್ಮದು ಮಾತ್ರವೆಂದು ಬೀಗುವುದು ಬೇಡ. ಯುರೋಪಿನವರು ಅಹವಾಲಿನ ಬದಲು ವಿಜ್ಞಾನದ ವೇಷ ಹಾಕಿದರು. ಫ್ರಾನ್ಸಿನ ಮೋಂಬೆಯಾರ್ ಎಂಬ ಮಹನೀಯ 1759ರಿಂದ 1777ರವರೆಗೆ ತನ್ನ ಮಗನನ್ನು ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ ನಿಲ್ಲಿಸಿ ಎತ್ತರ ಅಳೆದು ಬರೆದಿಟ್ಟ. ಸ್ನೇಹಿತನಾದ ನಿಸರ್ಗವಿಜ್ಞಾನಿ ಬಫನ್ ಅದನ್ನು ತನ್ನ ನಿಸರ್ಗಚರಿತ್ರೆಯ ಪುರವಣಿಯಲ್ಲಿ ಅಚ್ಚುಹಾಕಿಸಿದ. ಮಗ ಆರಡಿ ದಾಟಿ ಬೆಳೆದ. ಒಂದೇ ಮಗುವಿನ ಬೆಳವಣಿಗೆಯನ್ನು ಹುಟ್ಟಿನಿಂದ ಹದಿನೆಂಟರವರೆಗೆ ಹಿಂಬಾಲಿಸಿದ ಆ ದಾಖಲೆಯನ್ನು ಬೆಳವಣಿಗೆಯ ವಿಜ್ಞಾನಿಗಳು ಈಗಲೂ ಗೌರವದಿಂದ ನೆನೆಯುತ್ತಾರೆ. ನಮ್ಮ ಮನೆಗಳ ಬಾಗಿಲ ಚೌಕಟ್ಟಿನ ಮೇಲೂ ಪೆನ್ಸಿಲ್ ಗೆರೆಗಳಿವೆ. ಬಫನ್ನಂಥ ಗೆಳೆಯ ಸಿಗದೆ ಅವು ದೀಪಾವಳಿಗೆ ಬಣ್ಣ ಹೊಡೆಯುವವನ ಕುಂಚಕ್ಕೆ ಬಲಿಯಾಗುತ್ತವೆ.

ಡಾರ್ವಿನ್ನನ ಕಥೆ ಇನ್ನೂ ಸ್ವಾರಸ್ಯದ್ದು. 1839ರ ಡಿಸೆಂಬರಿನಲ್ಲಿ ಮೊದಲ ಮಗ ಹುಟ್ಟಿದಾಗ, ಅವನು ಸೀನಿದ್ದು, ಸಿಟ್ಟಾದದ್ದು, ನಕ್ಕದ್ದು ಎಲ್ಲವನ್ನೂ ಡಾರ್ವಿನ್ ದಿನಚರಿಯಲ್ಲಿ ಗುರುತುಹಾಕಿದ. ಹಾಕಿ ಸುಮ್ಮನಿದ್ದ. ಮೂವತ್ತೇಳು ವರ್ಷ ಅದರ ಮೇಲೆ ಲೇಖನ ಬರೆಯದೆ ಸುಮ್ಮನಿದ್ದ. ಅಷ್ಟರಲ್ಲಿ ಜೀವಸಂಕುಲದ ಉಗಮವನ್ನೇ ಬರೆದು ಮುಗಿಸಿದ. ಆಮೇಲೆ, 1877ರಲ್ಲಿ, ಮೈಂಡ್ ಎಂಬ ಪತ್ರಿಕೆಯಲ್ಲಿ ಫ್ರಾನ್ಸಿನ ತೇನ್ ಎಂಬ ವಿದ್ವಾಂಸ ಒಂದು ಪುಟ್ಟ ಹುಡುಗಿ ಮಾತು ಕಲಿತ ಬಗೆಯ ಮೇಲೆ ಬರೆದ ಲೇಖನ ಕಣ್ಣಿಗೆ ಬಿತ್ತು. ಕೂಡಲೇ ಡಾರ್ವಿನ್ ಹಳೆಯ ದಿನಚರಿ ತೆಗೆದು ಅದೇ ಪತ್ರಿಕೆಗೆ ತನ್ನ ಮಗುವಿನ ಲೇಖನ ಕಳಿಸಿದ. ಇದನ್ನು ವಿಜ್ಞಾನದ ಇತಿಹಾಸಕಾರರು ಶಿಶುಮನೋವಿಜ್ಞಾನದ ಮೈಲಿಗಲ್ಲು ಎನ್ನುತ್ತಾರೆ. ತರಕಾರಿ ಗಾಡಿಯ ಬಳಿ ನಿಂತವರಿಗೆ ಇದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪ್ರಥಮಾ ಜರ್ಮನಿ ಎಂದಾಗ ದ್ವಿತೀಯಾ ಸುಮ್ಮನಿರುವುದು ಹೇಗೆ?

ಇನ್ನು ಕಾಲದ ವಿಚಾರ. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೆಹಲಿಯೂ ಸೇರಿದಂತೆ ಬೇರೆಬೇರೆ ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಬೆಳವಣಿಗೆಯ ಮಾನದಂಡಗಳನ್ನು ಹೊರತಂದಿತು. ಅವುಗಳ ಪ್ರಕಾರ ಆರೋಗ್ಯವಂತ ಮಗು ಆಸರೆಯಿಲ್ಲದೆ ನಡೆಯಲು ಕಲಿಯುವುದು ಸುಮಾರು ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳೊಳಗೆ ಎಂದಾದರೂ. ಕನ್ನಡ ನಾಡಿನಲ್ಲಿ ಹದಿನೇಳನೆಯ ತಿಂಗಳಿಗೆ ನಡೆದ ಮಗು ಈವರೆಗೆ ಪತ್ತೆಯಾಗಿಲ್ಲ. ಎಲ್ಲರೂ ಒಂಬತ್ತಕ್ಕೇ ನಡೆದವರು. ವಿಚಾರಿಸಿದರೆ, ಮಗು ನಡೆದ ವರ್ಷ ಹನ್ನೆರಡು ತಿಂಗಳಿದ್ದದ್ದು, ಅದು ಹೈಸ್ಕೂಲಿಗೆ ಬರುವಾಗ ಹತ್ತಾಗಿ, ಮದುವೆಯ ಮಾತುಕತೆಯ ಹೊತ್ತಿಗೆ ಎಂಟೂವರೆಗೆ ಇಳಿದಿರುತ್ತದೆ. ಮೊಮ್ಮಗು ಹುಟ್ಟಿದ ಮೇಲೆ ಮತ್ತೂ ಇಳಿಯುತ್ತದೆ, ಏಕೆಂದರೆ ಈಗ ಸೊಸೆಗೂ ಕೇಳಿಸಬೇಕು.

ಇಲ್ಲಿ ಅಣಕಕ್ಕೆ ಸ್ವಲ್ಪ ರಜೆ. 1975ರಲ್ಲಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಮಕ್ಕಳನ್ನು ತೂಗಿ, "ತಾಯಿ ಕಾರ್ಡ್" ಎಂಬ ಆರೋಗ್ಯದ ಕಾರ್ಡಿನ ಬೆಳವಣಿಗೆಯ ನಕ್ಷೆಯ ಮೇಲೆ ಚುಕ್ಕೆ ಇಡುತ್ತಾರೆ. ಕೂಲಿಗೆ ಹೋಗುವ ಹೊತ್ತು ತಪ್ಪಿಸಿಕೊಂಡು ಬಂದು, ಕೂಸಿನ ಚುಕ್ಕೆ ತೂಕ ಸಾಲದ ಹಳದಿಯಿಂದ ಸರಿಯಾದ ತೂಕದ ಹಸಿರಿಗೆ ಬಂತೆಂದು ಕಾರ್ಯಕರ್ತೆಯ ಬಾಯಲ್ಲಿ ಕೇಳಿದ ತಾಯಿಗೆ ಅಹವಾಲಿನ ವೇಷ ಬೇಕಿಲ್ಲ. ಆಕೆ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಾಳೆ. ನಮ್ಮ ಸಿದ್ಧಾಂತಕ್ಕೆ ಇದು ಅಪವಾದ.

ಹೆಮ್ಮೆಯ ಎಂಟು ಸಾತ್ತ್ವಿಕ ಭಾವಗಳನ್ನು, ಅಂದರೆ ಒಳಗಿನ ಭಾವಕ್ಕೆ ಮೈ ತಾನಾಗಿ ತೋರುವ ಗುರುತುಗಳನ್ನು, ಒಂದೇ ಕಡೆ ನೋಡಬೇಕೆನ್ನುವವರು ಶಾಲಾ ವಾರ್ಷಿಕೋತ್ಸವಕ್ಕೆ ಹೋಗಬೇಕು. ನಾಟಕ ಕಿತ್ತೂರು ಚೆನ್ನಮ್ಮ. ಮಗ ಬಲಗಡೆಯಿಂದ ನಾಲ್ಕನೆಯ ಸೈನಿಕ. ಮಾತಿಲ್ಲ, ರಟ್ಟಿನ ಕತ್ತಿ ಇದೆ. ಪರದೆ ಸರಿದ ಕೂಡಲೇ ತಂದೆಗೆ ಸ್ತಂಭ. ಹಿಂದಿನವರು "ಸ್ವಲ್ಪ ಕೂತ್ಕೊಳ್ಳಿ ಸಾರ್" ಎಂದರೂ ಅಲುಗುವುದಿಲ್ಲ. ಆಮೇಲೆ ಸ್ವೇದ, ರೋಮಾಂಚ. ಕೈಯಲ್ಲಿ ವೇಪಥು, ಅಂದರೆ ನಡುಕ, ಹುಟ್ಟಿದ್ದರಿಂದ ಮೊಬೈಲಿನಲ್ಲಿ ದಾಖಲಾಗುವುದು ಐದನೆಯ ಸೈನಿಕನ ಮೊಣಕಾಲು. ಮಗನ ಮೀಸೆ ಒಂದು ಕಡೆ ಕಿತ್ತು ಜೋತಾಡಿದಾಗ ಮುಖ ಬಿಳಿಚಿ ವೈವರ್ಣ್ಯ. ಪಕ್ಕದವರಿಗೆ "ಅವನೇ, ಆ ಕಡೆಯವನು" ಎಂದು ತೋರಿಸುವಾಗ ಸ್ವರಭೇದ. ಅಶ್ರುವಿಗೆ ಪೆಟ್ರೊಮ್ಯಾಕ್ಸ್ ಕಾಲದಲ್ಲಿ ಹೊಗೆಯ ನೆಪವಿತ್ತು. ಈಗ ಎಲ್‌ಇಡಿ ಬಂದು ನೆಪ ಹೋಯಿತು. ಎಂಟನೆಯದಾದ ಪ್ರಳಯ, ಅಂದರೆ ಮೂರ್ಛೆ, ಬಹುಮಾನ ವಿತರಣೆಗೆ ಮೀಸಲು. ಇಷ್ಟೆಲ್ಲ ಆದಮೇಲೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ತಂದೆ ಮಗನಿಗೆ ಹೇಳುವ ಮಾತು: "ಕತ್ತಿ ನೆಟ್ಟಗೆ ಹಿಡ್ಕೋಬೇಕಪ್ಪ."

ಈ ತಂದೆಯೆಂಬ ಪ್ರಾಣಿಯ ಬಗ್ಗೆ ಪ್ರತ್ಯೇಕವಾಗಿಯೇ ಹೇಳಬೇಕು. ತಾಯಿ ಅಹವಾಲು ಹೇಳುತ್ತಾಳೆ. ತಂದೆ ಸ್ಥಳ ಬದಲಾಯಿಸುತ್ತಾನೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆಳಿಗ್ಗೆ ಮಗಳು ಓಡಿಬಂದು 625ಕ್ಕೆ 618 ಎನ್ನುತ್ತಾಳೆ. ಪೇಪರು ಮುಖದಿಂದ ಇಳಿಯುವುದಿಲ್ಲ. "ಉಳಿದ ಏಳು ಎಲ್ಲಿ ಹೋಯ್ತು?" ಎಂಬ ದನಿ ಮಾತ್ರ ಪೇಪರಿನ ಹಿಂದಿನಿಂದ ಬರುತ್ತದೆ. ಮಗಳು ಕಣ್ಣೊರೆಸಿಕೊಂಡು ಒಳಗೆ ಹೋದ ಸ್ವಲ್ಪ ಹೊತ್ತಿಗೆಲ್ಲ ಅದೇ ತಂದೆ ಕಾರಣವಿಲ್ಲದೆ ಇಸ್ತ್ರಿ ಮಾಡಿದ ಷರ್ಟು ಹಾಕಿ ಹೋಟೆಲಿಗೆ ಹೋಗಿ ಬೈಟು ಕಾಫಿ ಹೇಳುತ್ತಾನೆ. "ಏಳೇ ಏಳು ಹೋಗಿರೋದು, ಸ್ವಾಮಿ. ಪ್ರಥಮ ಭಾಷೆ 125ಕ್ಕೆ 125. ಗಣಿತದಲ್ಲಿ ಎರಡು ಹೋಗಿದೆಯಲ್ಲ, ಅದೂ ಪ್ರಶ್ನೆಪತ್ರಿಕೆಯವರದೇ ತಪ್ಪಂತೆ." ಕಾಫಿಯ ದುಡ್ಡು ಕೊಡಲು ಎದುರಿನವರನ್ನು ಬಿಡುವುದಿಲ್ಲ. ಗಲ್ಲಾದವರು ಕೇಳದಿದ್ದರೂ ಗಲ್ಲಾದವರಿಗೂ ಹೇಳುತ್ತಾನೆ. ಮಗಳು ಬೆಳೆದು ದೂರದೂರಿನಿಂದ ಫೋನು ಮಾಡಿದರೂ ನಿಯಮ ಬದಲಾಗದು: "ಹ್ಞೂಂ. ಊಟ ಆಯ್ತಾ. ಸರಿ, ಅಮ್ಮನಿಗೆ ಕೊಡ್ತೀನಿ." ಆಮೇಲೆ ವಾಕಿಂಗಿಗೆ ಹೋಗಿ ಪಾರ್ಕಿನ ಕಲ್ಲುಬೆಂಚಿನ ಮೇಲೆ, ಹ್ಞೂಂ ಎಂದದ್ದಷ್ಟನ್ನೂ ಅರ್ಧ ಗಂಟೆ ವಿಸ್ತರಿಸುತ್ತಾನೆ.

ಪೂರ್ವಪಕ್ಷಿ ಮತ್ತೆ ಎದ್ದ. "ನಿಮ್ಮ ಉದಾಹರಣೆಗಳೆಲ್ಲ ಅಂಕ, ಜರ್ಮನಿ, ಸಂಬಳ. ಎರಡು ಸಲ ಪಿಯುಸಿಯಲ್ಲಿ ಡುಮ್ಕಿ ಹೊಡೆದು ಬೈಕ್ ಗ್ಯಾರೇಜು ಹಾಕಿದವನ ತಾಯಿ ಏನು ಹೇಳಿಕೊಳ್ಳಬೇಕು?" ಒಳ್ಳೆಯ ಆಕ್ಷೇಪ, ಆದರೆ ಅನುಭವವಿಲ್ಲದ ಆಕ್ಷೇಪ. ಆಕೆ ಹೇಳುವುದನ್ನು ಕೇಳಿ: "ಏನು ಹೇಳ್ಲಿ, ಭಾನುವಾರಾನೂ ಬಿಡಲ್ಲ ಜನ. ಅವನು ಕೈ ಮುಟ್ಟಿದ್ರೇನೇ ಗಾಡಿ ಸ್ಟಾರ್ಟ್ ಆಗೋದಂತೆ. ಗ್ರೀಸ್ ಕಲೆ ತಿಕ್ಕಿ ತಿಕ್ಕಿ ನನ್ನ ಕೈ ಹೋಯ್ತು." ಗ್ರೀಸ್ ಕಲೆಗೂ ಸ್ಕಾಲರ್‌ಶಿಪ್ಪಿಗೂ ತಾರತಮ್ಯವೇ ಇಲ್ಲ. ಹೆಮ್ಮೆಗೆ ಮಗು ಸಾಕು, ಕಾರಣ ಆಮೇಲೆ ಸಿಕ್ಕೇ ಸಿಗುತ್ತದೆ. ಎಲ್ಲ ಕಡೆ ಗೆಲುವು ಬಯಸಿದರೂ ಮಕ್ಕಳ ಕೈಯಲ್ಲಿ ಸೋಲನ್ನೇ ಬಯಸಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮೊಬೈಲಿನಲ್ಲಿ ವಿದ್ಯುತ್ ಬಿಲ್ಲು ಕಟ್ಟುವುದನ್ನು ಮಗನಿಂದ ಮೂರನೆಯ ಸಲ ಕಲಿಯುತ್ತ, ಬೈಸಿಕೊಳ್ಳುತ್ತ, ಮುಖದಲ್ಲಿ ಅದೇನೋ ತೃಪ್ತಿ ಇಟ್ಟುಕೊಂಡು ಕೂತಿರುವ ಅಪ್ಪ ಆ ಮಾತಿನ ಸಾಕ್ಷಾತ್ ವ್ಯಾಖ್ಯಾನ.

ಉಳಿದಿರುವುದು ಶ್ರೋತೃವಿನ ಪ್ರಕರಣ. ಕಾವ್ಯಕ್ಕೆ ಸಹೃದಯ ಸಿಗುವುದು ಕಷ್ಟ. ಹೆತ್ತವರ ಹೆಮ್ಮೆಗೆ ಇನ್ನೂ ಕಷ್ಟ, ಏಕೆಂದರೆ ಕೇಳುವವನಿಗೂ ಹೇಳಲು ಒಂದು ಮಗು ಇರುತ್ತದೆ, ಅವನು ನಿಮ್ಮ ವಾಕ್ಯ ಮುಗಿಯುವುದನ್ನೇ ಕಾಯುತ್ತಿರುತ್ತಾನೆ. ಸ್ವಂತ ಮಕ್ಕಳಂತೂ ಶ್ರೋತೃಗಳಾಗಲು ಅನರ್ಹರು. ಅವರ ಎದುರಿಗೆ ಈ ರಸ ಹುಟ್ಟುವುದೇ ಇಲ್ಲ. ಆದ್ದರಿಂದ, ನನ್ನ ವಿಷಯದಲ್ಲಿ ಅಪ್ಪನಿಗೆ ಎಂದೂ ಸಮಾಧಾನವಿಲ್ಲ ಎಂದು ಕೊರಗುವ ಮಗಳು ಅಪ್ಪನನ್ನು ಕೇಳಿ ಫಲವಿಲ್ಲ. ಅಪ್ಪ ಕ್ಷೌರಕ್ಕೆ ಹೋಗುವ ಅಂಗಡಿಯಲ್ಲಿ ವಿಚಾರಿಸಲಿ. ಅಲ್ಲಿ ಅವಳ ಅಂಕಪಟ್ಟಿ ಬಾಯಿಪಾಠವಾಗಿದೆ.

ಓದುಗರಲ್ಲಿ ಒಂದು ವಿನಂತಿ. ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರು ಮೊಬೈಲು ತೆಗೆದು, ಕನ್ನಡಕ ಸರಿಮಾಡಿಕೊಂಡು, ಫೋಟೊ ಹುಡುಕುತ್ತ "ನಮ್ಮವಳಿಗೆ ಏನು ಹೇಳಿದ್ರೂ ಕೇಳಲ್ಲ ನೋಡಿ" ಎಂದು ಶುರುಮಾಡಿದರೆ, ದಯವಿಟ್ಟು ನಿದ್ದೆ ಬಂದಂತೆ ನಟಿಸಬೇಡಿ. "ಏನು ಓದ್ತಿದ್ದಾರೆ?" ಎಂದು ಕೇಳಿ. ನಿಮ್ಮ ಸ್ಟಾಪು ಇನ್ನೂ ದೂರವಿದೆ.