ಅನುಮಾನ: ಬಳಕೆದಾರರ ಕೈಪಿಡಿ

(ಮಾದರಿ: ಮಧುಗಿರಿ–ಶಿರಾ–ಕೊರಟಗೆರೆ–ಪಾವಗಡ)

ಆರೋಗ್ಯ ಸೇವಾ ಸಂಸ್ಥೆಯೊಂದಕ್ಕೆ ದೇಣಿಗೆ ಕೊಟ್ಟಿರುವ, ಕೊಡಲಿರುವ ಅಥವಾ ಕೊಡದೆ ತಪ್ಪಿಸಿಕೊಳ್ಳಲು ಕಾರಣ ಹುಡುಕುತ್ತಿರುವ ತಮಗೆ ನಮಸ್ಕಾರ. ಅನುಮಾನ ಎಂಬ ಈ ಉಪಕರಣವನ್ನು ತಾವು ಕೊಳ್ಳಬೇಕಾಗಿಲ್ಲ, ಈಗಾಗಲೇ ತಮ್ಮ ಹತ್ತಿರ ಇದೆ. ತೊಂದರೆ ಒಂದೇ. ಕಾರ್ಖಾನೆಯಿಂದ ಬರುವಾಗಲೇ ಇದರ ಮುಳ್ಳು ಡೀಸೆಲ್, ಸಂಬಳ, ಫೋನ್ ಬಿಲ್ಲುಗಳ ಕಡೆ ತಿರುಗಿಕೊಂಡಿರುತ್ತದೆ. ಅದನ್ನು ಬೇರೆ ಕಡೆ ತಿರುಗಿಸುವುದು ಹೇಗೆಂದು ತಿಳಿಸುವುದಷ್ಟೇ ಈ ಕೈಪಿಡಿಯ ಕೆಲಸ.

ಈ ಮಾದರಿಯನ್ನು ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೆಂದೇ ತಯಾರಿಸಲಾಗಿದೆ. ದುಡಿಮೆ ಬೆಂಗಳೂರಿನಲ್ಲಿ, ಪುಣ್ಯ ಮಾತ್ರ ಊರಲ್ಲೇ ಆಗಬೇಕು ಎನ್ನುವ ಗ್ರಾಹಕರು ಇಲ್ಲಿ ಹೆಚ್ಚು.

ಪೆಟ್ಟಿಗೆ ಬಿಚ್ಚುವುದು

ಸಂಸ್ಥೆಯವರು ಕೊಟ್ಟ ಲಕೋಟೆಯಲ್ಲಿ ಒಂದು ರಸೀದಿ, ನುಣುಪು ಕಾಗದದ ವಾರ್ಷಿಕ ವರದಿ ಮತ್ತು ತೆರಿಗೆ ವಿನಾಯಿತಿಯ 80ಜಿ ಪತ್ರದ ನಕಲು ಇರಬೇಕು. 80ಜಿ ನೋಡಿದೊಡನೆ ಉಪಕರಣ ತಾನಾಗಿ ಆರಿಹೋಗುತ್ತದೆ. ಮತ್ತೆ ಹೊತ್ತಿಸಿ. ಆ ಕಾಗದ ತಮ್ಮ ತೆರಿಗೆಗೆ ಸಂಬಂಧಪಟ್ಟದ್ದು, ಅವರ ಕೆಲಸಕ್ಕಲ್ಲ. ಅದೂ 2,000 ರೂಪಾಯಿ ಮೀರಿದ ನಗದಿಗೆ ಅನ್ವಯಿಸುವುದಿಲ್ಲ. ಹೊಸ ತೆರಿಗೆ ಪದ್ಧತಿಗೆ ಸೇರಿದವರಿಗಂತೂ ಚೆಕ್ಕಿನಲ್ಲಿ ಕೊಟ್ಟರೂ ಇಲ್ಲ. 2021-22ರಿಂದ ಸಂಸ್ಥೆಗಳು ದಾನಿಗಳ ಪಟ್ಟಿಯನ್ನು ಇಲಾಖೆಗೆ 10ಬಿಡಿ ನಮೂನೆಯಲ್ಲಿ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ಅದು ಬಂದರೆ ತಮ್ಮ ದುಡ್ಡು ಪುಸ್ತಕಕ್ಕೆ ಏರಿದೆ ಎಂದರ್ಥ. ಪುಸ್ತಕದಿಂದ ಎಲ್ಲಿಗೆ ಇಳಿಯಿತು ಎಂಬುದನ್ನು ಯಾವ ನಮೂನೆಯೂ ಹೇಳುವುದಿಲ್ಲ.

ವರದಿಯಲ್ಲಿ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಇರುವ ಫೋಟೊಗಳನ್ನು ಒಂದು ಕಡೆ ಇಡಿ. ರೋಗಿಗಳಿರುವ ಫೋಟೊಗಳನ್ನು ಇನ್ನೊಂದು ಕಡೆ ಇಡಿ. ಯಾವುದು ಹೆಚ್ಚೆಂದು ಎಣಿಸಬೇಡಿ, ಅದಕ್ಕೆ ಮುಂದೆ ಬರುತ್ತೇವೆ.

ಎಚ್ಚರಿಕೆ

ಚಾಲೂ ಮಾಡಿದ ತಕ್ಷಣ ಉಪಕರಣ ‘ಆಡಳಿತ ವೆಚ್ಚ ಎಷ್ಟು ಪರ್ಸೆಂಟು?’ ಎಂದು ಕೂಗುತ್ತದೆ. ಇದು ಹಳೆಯ ರೋಗ, ಊರಿನದಷ್ಟೇ ಅಲ್ಲ. ಅಮೆರಿಕದಲ್ಲಿ ಸೇವಾ ಸಂಸ್ಥೆಗಳನ್ನು ಅಳೆಯುವುದನ್ನೇ ಕಸುಬು ಮಾಡಿಕೊಂಡ ಮೂರು ಸಂಸ್ಥೆಗಳು, ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚವೊಂದನ್ನೇ ಹಿಡಿದು ಸಂಸ್ಥೆಯನ್ನು ಅಳೆಯಬೇಡಿ ಎಂದು ಕೇಳಿಕೊಂಡವು. ಅಳತೆಗೋಲು ಮಾರುವವರೇ ಹೀಗೆ ಹೇಳಿದ ಮೇಲೂ ನಾವು ಅದೇ ಪ್ರಶ್ನೆ ಕೇಳುತ್ತಿದ್ದೇವೆ, ಏಕೆಂದರೆ ಭಾಗಾಕಾರ ನಮಗೆ ಬರುತ್ತದೆ.

ನಮ್ಮಲ್ಲಿ ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳ ಆಡಳಿತ ವೆಚ್ಚದ ಮಿತಿಯನ್ನು ವಿದೇಶಿ ದೇಣಿಗೆ ಕಾನೂನಿನ 2020ರ ತಿದ್ದುಪಡಿ ನೂರಕ್ಕೆ 50ರಿಂದ 20ಕ್ಕೆ ಇಳಿಸಿತು. ಆದರೆ ಅದೇ ಕಾನೂನಿನ ನಿಯಮಗಳು ಆಸ್ಪತ್ರೆಯ ವೈದ್ಯರ ಸಂಬಳವನ್ನು, ಶಾಲೆಯ ಮೇಷ್ಟರ ಸಂಬಳವನ್ನು ಆಡಳಿತ ವೆಚ್ಚ ಎಂದು ಎಣಿಸುವುದಿಲ್ಲ. ಆಸ್ಪತ್ರೆ ನಡೆಸುವ ಸಂಸ್ಥೆಗೆ ಡಾಕ್ಟರೇ ಕೆಲಸ ಎಂಬಷ್ಟು ಕಾನೂನಿಗೂ ಗೊತ್ತು.

ಮುಳ್ಳು ತಿರುಗಿಸುವ ವಿಧಾನ

ಪಾವಗಡದಲ್ಲಿ ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮ ದಶಕಗಳಿಂದ ಕುಷ್ಠ, ಕ್ಷಯ, ಕಣ್ಣು ಈ ಮೂರನ್ನು ಹಿಡಿದು ಕೆಲಸ ಮಾಡುತ್ತ ಬಂದಿದೆ. ಊರಿನ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆ ಅದರದೇ. ಈ ಕೈಪಿಡಿ ಯಾವ ಸಂಸ್ಥೆಗೂ ಅಂಕ ಕೊಡುವುದಿಲ್ಲ. ಆದರೆ ಈ ಸೀಮೆಯಲ್ಲಿ ದಾನದ ದುಡ್ಡು ಸೇರಬೇಕಾದ ಜಾಗ ಯಾವುದೆಂದು ಆ ಮೂರು ಕಾಯಿಲೆಗಳೇ ಕಲಿಸುತ್ತವೆ, ಹಾಗಾಗಿ ಅವುಗಳಿಂದಲೇ ಶುರು ಮಾಡಿ.

ಮೊದಲು ಕ್ಷಯ. ‘ತಮ್ಮ ಇಷ್ಟು ರೂಪಾಯಿಯಿಂದ ಒಬ್ಬ ಟಿ.ಬಿ. ರೋಗಿಗೆ ಔಷಧಿ’ ಎಂಬ ಕರಪತ್ರ ಕೈಗೆ ಬಂದರೆ ಉಪಕರಣವನ್ನು ಪೂರ್ತಿ ಶಕ್ತಿಗೆ ಏರಿಸಬಹುದು. ಟಿ.ಬಿ. ಮಾತ್ರೆಯನ್ನು ಸರ್ಕಾರವೇ ಪುಕ್ಕಟೆ ಕೊಡುತ್ತದೆ. ಊಟಕ್ಕೆಂದು 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿಯನ್ನು ರೋಗಿಯ ಖಾತೆಗೇ ಹಾಕುವ ಯೋಜನೆಯೂ ಇದೆ, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಸಾಲದ್ದಕ್ಕೆ 2022ರಲ್ಲಿ ನಿಕ್ಷಯ್ ಮಿತ್ರ ಯೋಜನೆ ಬಂದು, ಯಾರು ಬೇಕಾದರೂ ರೋಗಿಗೆ ಆಹಾರದ ಕಿಟ್ಟು ಕೊಡಬಹುದೆಂದಾಯಿತು. ಹೀಗಾಗಿ ಒಂದೇ ಕಿಟ್ಟು ಮೂರು ವರದಿಗಳಲ್ಲಿ ಕಾಣಿಸಿಕೊಳ್ಳಬಹುದು: ದುಡ್ಡು ಕೊಟ್ಟ ಕಂಪನಿಯದು, ಹಂಚಿದ ಸಂಸ್ಥೆಯದು, ಪಕ್ಕ ನಿಂತು ಫೋಟೊ ತೆಗೆಸಿಕೊಂಡವರದು. ರೋಗಿ ತಿಂದದ್ದು ಮಾತ್ರ ಒಂದೇ ಕಿಟ್ಟು.

ಹಾಗಾದರೆ ದಾನದ ದುಡ್ಡಿಗೆ ಇಲ್ಲಿ ಕೆಲಸವೇ ಇಲ್ಲವೆ? ಇದೆ, ಅದೂ ತಮಗೆ ಇಷ್ಟವಿಲ್ಲದ ಜಾಗದಲ್ಲಿ. ಮಾತ್ರೆ ಆರು ತಿಂಗಳು ನುಂಗಬೇಕು. ಎರಡನೇ ತಿಂಗಳಿಗೆ ಕೆಮ್ಮು ನಿಂತು ಮೈಗೆ ಕಸುವು ಬರುತ್ತದೆ. ಕಡಲೆಕಾಯಿ ಕೈಕೊಟ್ಟ ವರ್ಷವಾದರೆ ರೋಗಿ ಗಾರೆ ಕೆಲಸಕ್ಕೆಂದು ಬೆಂಗಳೂರಿನ ಬಸ್ಸು ಹತ್ತಿರುತ್ತಾನೆ, ಮಾತ್ರೆ ಮನೆಯ ಗೂಡಿನಲ್ಲೇ ಉಳಿದಿರುತ್ತದೆ. ಅರ್ಧಕ್ಕೆ ಬಿಟ್ಟ ಟಿ.ಬಿ. ಮಾತ್ರೆಗೆ ಬಗ್ಗದ ಟಿ.ಬಿ. ಆಗಿ ವಾಪಸು ಬರಬಹುದು. ಅವನ ಫೋನ್ ನಂಬರು ಹುಡುಕಿ, ‘ಅಣ್ಣ, ನೀನು ಎಲ್ಲಿದ್ದೀಯ ಹೇಳು, ಅಲ್ಲೇ ಮಾತ್ರೆ ಸಿಗೋ ಹಂಗೆ ಮಾಡ್ತೀನಿ’ ಎಂದು ಗೋಗರೆಯುವ ಒಬ್ಬ ಕಾರ್ಯಕರ್ತ ಬೇಕು. ಆತನಿಗೆ ಸಂಬಳ ಬೇಕು, ಬೈಕಿಗೆ ಪೆಟ್ರೋಲು ಬೇಕು. ಪಾವಗಡವನ್ನು ಮೂರು ಕಡೆಯಿಂದ ಆಂಧ್ರ ಸುತ್ತುವರಿದಿದೆ. ಪಾವಗಡಕ್ಕೂ ಮಧುಗಿರಿಗೂ ನಡುವೆ ಮಡಕಶಿರಾ ಕೂತಿದೆ. ರೋಗಿಯ ಹೆಂಡತಿಯ ತವರು ಗಡಿಯಾಚೆ ಇದ್ದರೆ ಕಾರ್ಯಕರ್ತನಿಗೆ ತೆಲುಗೂ ಬರಬೇಕು. ಇದೆಲ್ಲ ಖರ್ಚಿನ ಪಟ್ಟಿಯಲ್ಲಿ ‘ಸಿಬ್ಬಂದಿ, ಪ್ರಯಾಣ, ದೂರವಾಣಿ’ ಎಂದು ಇಳಿಯುತ್ತದೆ. ತಾವು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವುದು ಸರಿಯಾಗಿ ಅಲ್ಲಿಗೇ.

ಆದ್ದರಿಂದ ಕೇಳಬೇಕಾದದ್ದು ‘ಎಷ್ಟು ಜನಕ್ಕೆ ಔಷಧಿ ಕೊಟ್ಟಿರಿ’ ಎಂದಲ್ಲ. ‘ಶುರು ಮಾಡಿದವರಲ್ಲಿ ಎಷ್ಟು ಜನ ಮುಗಿಸಿದರು, ಬಿಟ್ಟುಹೋದವರಲ್ಲಿ ಎಷ್ಟು ಜನರನ್ನು ವಾಪಸು ತಂದಿರಿ?’ ಸಂಸ್ಥೆಯ ಲೆಕ್ಕಿಗರು ತಲೆ ಕೆರೆದುಕೊಂಡರೂ ಪರವಾಗಿಲ್ಲ. ಕ್ಷೇತ್ರ ಕಾರ್ಯಕರ್ತನೂ ತಲೆ ಕೆರೆದುಕೊಂಡರೆ ಚೆಕ್ಕನ್ನು ಜೇಬಿಗೆ ಹಾಕಿಕೊಳ್ಳಿ.

ಕುಷ್ಠದಲ್ಲಿ ಲೆಕ್ಕ ಇನ್ನೂ ವಕ್ರ. ಹಲವು ಔಷಧಿ ಸೇರಿದ ಎಂ.ಡಿ.ಟಿ. ಮಾತ್ರೆ 1995ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಪುಕ್ಕಟೆ ಬರುತ್ತದೆ. ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ಚಿಕಿತ್ಸೆ ಮುಗಿಯುತ್ತದೆ. 2005ರ ಕೊನೆಗೆ ದೇಶಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಬ್ಬ ರೋಗಿಗಿಂತ ಕಡಿಮೆಯಾಯಿತೆಂದು ಸರ್ಕಾರ ಸಾರಿತು. ದಾನಿಗಳು ಅದನ್ನು ರೋಗವೇ ಹೋಯಿತೆಂದು ಓದಿಕೊಂಡರು. ಈಗ ‘ಈ ವರ್ಷ ಹೊಸ ರೋಗಿಗಳು ಸೊನ್ನೆ’ ಎಂಬ ವರದಿ ಬಂದರೆ ರೋಗ ಇಲ್ಲ ಎಂದೂ ಆಗಬಹುದು, ಹುಡುಕಲು ಯಾರೂ ಹೋಗಲಿಲ್ಲ ಎಂದೂ ಆಗಬಹುದು. ಮನೆಮನೆಗೆ ಹೋಗಿ ಬೆನ್ನಿನ ಮೇಲಿನ ಮಚ್ಚೆ ನೋಡುವ ಸಂಸ್ಥೆಯ ಅಂಕಿ ಒಮ್ಮೆ ಏರುತ್ತದೆ, ಮತ್ತು ಆ ವರ್ಷವೇ ದಾನಿ ‘ಇವರ ಕೈಲಿ ರೋಗ ಜಾಸ್ತಿಯಾಯಿತು’ ಎಂದು ಮುನಿಸಿಕೊಳ್ಳುತ್ತಾನೆ. ಸಿಕ್ಕವರಲ್ಲಿ ಮಕ್ಕಳೆಷ್ಟು, ಕೈಕಾಲು ಊನವಾದ ಮೇಲೆ ಸಿಕ್ಕವರೆಷ್ಟು ಎಂದು ಕೇಳಿ. ಊನವಾದವರು ಹೆಚ್ಚಿದ್ದರೆ ಹುಡುಕಾಟ ತಡವಾಗಿದೆ. ವಾಸಿಯಾದ ಮೇಲೂ ಅಂಗಾಲು ಜೋಮು ಹಿಡಿದವರಿಗೆ ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಬೇಕು, ಅದು ಸವೆದರೆ ಇನ್ನೊಂದು ಜೊತೆ ಬೇಕು. ಸವೆದ ಚಪ್ಪಲಿ ಬದಲಿಸುವ ಸಮಾರಂಭಕ್ಕೆ ಯಾರೂ ಫ್ಲೆಕ್ಸ್ ಕಟ್ಟಿಸುವುದಿಲ್ಲ, ದುಡ್ಡು ಅಲ್ಲಿಗೇ ಹೋಗಲಿ ಎಂದು ಬರೆದುಕೊಡಬಹುದು.

ಈಗ, ಮೊದಲು ಬೇರೆ ಮಾಡಿಟ್ಟ ಆ ಫೋಟೊಗಳು. ಕುಷ್ಠ ರೋಗಿಗಳ ಮುಖ ಕಾಣುವ ಫೋಟೊ ಕಳಿಸದ ಸಂಸ್ಥೆಗೆ ಉಪಕರಣ ಕೆಂಪು ದೀಪ ತೋರಿಸುತ್ತದೆ. ಅದು ತಯಾರಿಕೆಯ ದೋಷ. ಊರಿನಲ್ಲಿ ಮಗಳ ಮದುವೆ ಮಾಡಬೇಕಾದವರ ಮುಖವನ್ನು ತಮ್ಮ ಸಮಾಧಾನಕ್ಕೆಂದು ಅಚ್ಚು ಹಾಕಿಸದ ಸಂಸ್ಥೆಗೆ ಹಸಿರು ದೀಪ ಸಲ್ಲಬೇಕು.

ಕಣ್ಣು ಸುಲಭವೆನಿಸುತ್ತದೆ: ಶಿಬಿರ, ಪೊರೆ, ಲೆನ್ಸ್, ಹಸಿರು ಬಟ್ಟೆ ಕಟ್ಟಿಕೊಂಡ ಅಜ್ಜಿ. ಎಷ್ಟು ಶಸ್ತ್ರಚಿಕಿತ್ಸೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಬಟ್ಟೆ ಬಿಚ್ಚಿ ಕೆಲವು ವಾರವಾದ ಮೇಲೆ ಅಜ್ಜಿಗೆ ಅಕ್ಕಿಯಲ್ಲಿನ ಕಲ್ಲು ಕಾಣುತ್ತದೆಯೆ ಎಂಬುದನ್ನು ಹೇಳುವವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇದು: ತಕ್ಕ ಕನ್ನಡಕ ಹಾಕಿದಾಗ ನೂರರಲ್ಲಿ 90 ಕಣ್ಣಾದರೂ ಅಕ್ಷರಪಟ್ಟಿಯಲ್ಲಿ 6/18 ಅಥವಾ ಅದಕ್ಕಿಂತ ಚೆನ್ನಾಗಿ ಕಾಣಬೇಕು, 6/60ಕ್ಕಿಂತ ಕೆಟ್ಟದಾಗಿ ಉಳಿದವು ಐದು ದಾಟಬಾರದು. ಈ ಎರಡು ಸಂಖ್ಯೆ ಕೊಡುವ ಸಂಸ್ಥೆಗೆ ಆಡಳಿತ ವೆಚ್ಚ ಸ್ವಲ್ಪ ಹೆಚ್ಚೇ ಇರುತ್ತದೆ, ಏಕೆಂದರೆ ಮತ್ತೆ ಕರೆಸಿ ನೋಡಲು ಬಸ್ ಚಾರ್ಜು ಕೊಟ್ಟಿರುತ್ತದೆ. ಇನ್ನೊಂದು ಮಾತು: ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರವೂ ಸಂಸ್ಥೆಗಳಿಗೆ ಒಂದೊಂದು ಶಸ್ತ್ರಚಿಕಿತ್ಸೆಗೆ ಇಷ್ಟೆಂದು ಅನುದಾನ ಕೊಡುತ್ತದೆ. ಒಂದೇ ಕಣ್ಣಿಗೆ ಸರ್ಕಾರದ್ದೆಷ್ಟು, ತಮ್ಮದೆಷ್ಟು ಎಂದು ಕೇಳುವುದು ಅವಮಾನವಲ್ಲ. ನೇರ ಉತ್ತರ ಬಂದರೆ ಕಾಫಿ ಕುಡಿದು ಬನ್ನಿ.

ನೀರಿನ ಬಗ್ಗೆ

ಈ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ; ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ತಕ್ಕದ್ದಲ್ಲ. ಬಾಗಿದ ಮೂಳೆಯನ್ನು ನೆಟ್ಟಗೆ ಮಾಡುವ ಮಾತ್ರೆ ಇಲ್ಲ, ಹಾಗಾಗಿ ‘ಫ್ಲೋರೋಸಿಸ್ ಗುಣಪಡಿಸುವ ಶಿಬಿರ’ಕ್ಕೆ ಚಂದಾ ಕೇಳಿದರೆ ಬಾಗಿಲಲ್ಲೇ ಮಾತಾಡಿ ಕಳಿಸಿ. ಶುದ್ಧ ನೀರಿನ ಘಟಕಕ್ಕಾದರೆ ಕೊಡಿ. ಆದರೆ ಕಲ್ಲಿನ ಮೇಲಿನ ಹೆಸರಿಗೆ ಕೊಟ್ಟಷ್ಟನ್ನೇ ಮೆಂಬ್ರೇನ್ ಬದಲಿಸಲು ಮೂರನೇ ವರ್ಷವೂ ಕೊಡುತ್ತೀರಾ ಎಂದು ಉಪಕರಣವನ್ನು ಒಮ್ಮೆ ತಮ್ಮ ಕಡೆಗೇ ತಿರುಗಿಸಿ ನೋಡಿ.

ದೋಷ ನಿವಾರಣೆ

ಬ್ಯಾಲೆನ್ಸ್ ಶೀಟಿನಲ್ಲಿ ಠೇವಣಿ ಕಂಡು ಮುಳ್ಳು ನಡುಗಿದರೆ: ವರ್ಷದ ವರಮಾನದಲ್ಲಿ ನೂರಕ್ಕೆ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು, ಉಳಿದ 15 ಕೂಡಿಡಬಹುದು ಎಂದು ತೆರಿಗೆ ಕಾನೂನೇ ಹೇಳುತ್ತದೆ. ಆರು ತಿಂಗಳ ಸಂಬಳಕ್ಕಾಗುವಷ್ಟು ಕೂಡಿಟ್ಟವರು ಜಾಣರು. ರೋಗಿಗಿಂತ ಬಡ್ಡಿಯನ್ನೇ ಹೆಚ್ಚು ನೋಡಿಕೊಳ್ಳುವವರೂ ಇರುತ್ತಾರೆ, ಮೂರು ವರ್ಷದ ಪಟ್ಟಿ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

‘ಇತರೆ ವೆಚ್ಚ’ ಎಂಬ ಸಾಲು ಮೇಲಿನ ಯಾವುದಾದರೂ ಸಾಲಿಗಿಂತ ದಪ್ಪಗಿದ್ದರೆ: ಕೂಗಾಡದೆ, ‘ಇದರ ಒಳಗಿನ ಪಟ್ಟಿ ಕೊಡಿ’ ಎನ್ನಿ. ಒಳಗೆ ಶಾಮಿಯಾನ, ಶಾಲು, ಅತಿಥಿಗಳ ಊಟ ಸಿಕ್ಕರೆ ಆಶ್ಚರ್ಯಪಡಬೇಡಿ, ಕಳೆದ ಸಲ ಪೇಟ ತೊಡಿಸಿಕೊಂಡವರಲ್ಲಿ ತಾವೂ ಇದ್ದಿರಬಹುದು.

ಸರ್ವಿಸ್

ವರ್ಷಕ್ಕೊಮ್ಮೆ ಉಪಕರಣವನ್ನು ಸ್ಥಳಕ್ಕೆ ಒಯ್ಯಬೇಕು. ಉದ್ಘಾಟನೆ, ಜಯಂತಿ, ಮಂತ್ರಿಗಳ ಭೇಟಿ ಇರುವ ದಿನ ಬೇಡ. ಯಾವುದಾದರೂ ವಾರದ ನಡುವೆ, ಬಸ್ಸಿನಲ್ಲಿ ಹೋಗಿ. ಮ್ಯಾನೇಜರ ಕೋಣೆಗೆ ಮೊದಲು ಹೋಗದೆ ಹೊರರೋಗಿಗಳ ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡು ಕೂತು, ಪಕ್ಕದವರನ್ನು ಎಷ್ಟನೇ ಸಲ ಬರುತ್ತಿದ್ದೀರಿ, ಬರಲು ಯಾರು ಹೇಳಿದರು ಎಂದು ಕೇಳಿ. ‘ನಮ್ಮೂರಿಗೆ ಒಬ್ಬ ಹುಡುಗ ಬರ್ತಾನಲ್ಲ ಸ್ವಾಮಿ, ಅವನು ಬಿಡಲ್ಲ’ ಎಂಬ ಉತ್ತರ ಬಂದರೆ, ಆ ಹುಡುಗನ ಸಂಬಳ ಎಷ್ಟು, ಯಾವ ತಿಂಗಳವರೆಗೆ ಬಂದಿದೆ ಎಂದು ವಿಚಾರಿಸಿಕೊಂಡು ಆಮೇಲೆ ಮ್ಯಾನೇಜರ ಕೋಣೆಗೆ ಹೋಗಿ.